ಬಸವಣ್ಣನ ದಾಯಾದಿ

(ದಾವಣಗೆರೆಯ ಆನೆಕೊಂಡಕ್ಕೆ ಶ್ರಾವಣದ ಕಾರ್ಣಿಕ ಕೇಳಲು ಹೋದವನು, ಜನ ಚದುರಿದ ಮೇಲೆ ಕಲ್ಲು ಬಸವಣ್ಣನನ್ನೇ ಮಾತಿಗೆಳೆದೆ.)

ಬಸವಣ್ಣ, ಈ ಸಲ ಮಳೆ-ಬೆಳೆ ಹೆಂಗೆ?

ಕಾರ್ಣಿಕ ಮುಗೀತಲ್ಲೋ ತಮ್ಮಾ. ಬೇರೆ ಏನರ ಕೇಳು.

ಹಂಗಾದ್ರೆ ನಿಮ್ಮ ಬಂಧು-ಬಳಗ?

ಅಲ್ಲೇ ನೋಡು ನೋವು. ಹೆಣ್ಣು ನೋಡಾಕೆ ಹೋದ್ರೆ ಏಳು ತಲೆಮಾರು ಜಾಲಾಡೋ ಜನ ನೀವು. ನನ್ನ ದಾಯಾದೀನ ಏನಂತ ಕರೀತೀರಿ? ಕೊಂಡುಕುರಿ! ಕುರಿಯಂತೆ!

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ್ದಾ? ನಾನು ಜಿಂಕೆ ಅನ್ಕಂಡಿದ್ದೆ.

ಅದು ಎರಡನೇ ತಪ್ಪು. ಚುಕ್ಕೆ ಜಿಂಕೆ, ಕಡವೆ ಕೊಂಬು ಉದುರಿಸಿ ಹೊಸದು ಬೆಳೆಸ್ತಾವೆ. ನಮ್ಮೋರ ಕೊಂಬು ಬಂದ್ರೆ ಸಾಯೋತನಕ. ಇವನಿಗಂತೂ ನಾಕು, ಗಂಡಿಗೆ ಮಾತ್ರ. ದನ, ಎಮ್ಮೆ, ಕಾಟಿ ಇರೋ ಮನೆತನದ್ದೇ ಒಂದು ಕವಲು; ಕುರಿ-ಮೇಕೆದು ಬೇರೆ. ಆ ಕವಲಿನಾಗೆ ಈಗ ಬದುಕಿರೋರು ಇಬ್ಬರೇ, ನೀಲಗಾಯಿ ಮತ್ತೆ ಇವನು. ಉಳಿದೋರ ಮೂಳೆ ಶಿವಾಲಿಕ್ ಬೆಟ್ಟದಾಗೆ ಸಿಗ್ತಾವೆ. ನನ್ನಂಗೇ ಕಲ್ಲಾಗ್ಯಾರೆ, ಆದ್ರೆ ಅವರಿಗೆ ಪೂಜೆ ಇಲ್ಲ.

ಹೆಸರು ತಪ್ಪಿದ್ರೆ ನಷ್ಟ ಏನು?

ಹತ್ತು ಮಕ್ಕಳ ಮನೇಲಿ ಒಬ್ಬ ಹೋದ್ರೂ ದುಃಖನೇ. ಒಬ್ಬನೇ ಇರೋ ಮನೇಲಿ ಅವನೂ ಹೋದ್ರೆ ಬಾಗಿಲಿಗೆ ಬೀಗ. ಲಂಡನ್ನಿನ ಪ್ರಾಣಿಶಾಸ್ತ್ರ ಸೊಸೈಟಿಯೋರು 2007ರಾಗೆ ಇದೇ ಲೆಕ್ಕ ಹಿಡಿದು ಪಟ್ಟಿ ಶುರು ಮಾಡಿದ್ರು. ಯಾರು ಅಳೀತಾ ಅದಾರೆ ಅನ್ನೋದರ ಜೊತೆ, ಯಾರಿಗೆ ನೆಂಟರು ಕಮ್ಮಿ ಅಂತಾನೂ ನೋಡ್ತಾರೆ. ನೀವು ಹುಲಿ-ಆನೆ ಬಿಟ್ರೆ ಇನ್ನೊಂದರ ಮುಖ ನೋಡಲ್ಲ.

2011ರಲ್ಲಿ ಸರಕಾರ ರಂಗಯ್ಯನದುರ್ಗಾನ ಅಭಯಾರಣ್ಯ ಮಾಡೈತಲ್ಲ?

ಮಾಡಿದ್ದು ಛಲೋ ಆತು. ಆದ್ರೆ ಕುರುಚಲು ಕಾಡು ನಿಮ್ಮ ಕಣ್ಣಿಗೆ ಕಾಡೇ ಅಲ್ಲ. ಬೇಸಿಗೇಲಿ ಬೆಂಕಿ ಬಿದ್ರೆ ‘ಹುಲ್ಲು ಸುಡ್ತು’ ಅಂತ ಸುಮ್ಮನಾಗ್ತೀರಿ. ಇವನ ಮರಿ ಅಡಗಿ ಕೂರೋದೇ ಆ ಹುಲ್ಲಿನಾಗೆ.

ಅವನನ್ನ ಆನೆಕೊಂಡಕ್ಕೊಮ್ಮೆ ಕರೆಸಿದ್ರೆ? ಬೆಣ್ಣೆ ದೋಸೆ ಕೊಡಿಸೋಣ.

ದೋಸೆ ಇರ್ಲಿ. ಒಂಟಿಯಾಗಿರೋ ನಾಚಿಕೆ ಪ್ರಾಣಿ, ಬರಲ್ಲ. ಬಂದ್ರೂ ನೀವು ದಾಖಲೆ ಕೇಳ್ತೀರಿ. ಹೆಸರಿನಾಗೆ ಕುರಿ, ಮನೆತನದಾಗೆ ದನ. ಯಾವ ತಹಸೀಲ್ದಾರ ಜಾತಿ ಸರ್ಟಿಫಿಕೇಟ್ ಕೊಟ್ಟಾನು?

(ಅಷ್ಟರಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾವೂರಪ್ಪ ನಿಂದು? ಯಾವ ಪೈಕಿ?” ಬಸವಣ್ಣ ಮತ್ತೆ ಕಲ್ಲಾಗಿದ್ದ.)