ಬೆಟ್ಟದ ನೆತ್ತಿಯ ಕಟಿಂಗ್ ಶಾಪು

ಹುಲಿಯೂರುದುರ್ಗದಲ್ಲಿ ನಾನು ತಲೆ ಒಪ್ಪಿಸುವ ಅಂಗಡಿಗೆ ಬೋರ್ಡೇ ಇಲ್ಲ. ಬೇಕಾಗಿಯೂ ಇರಲಿಲ್ಲ, ಕುಣಿಗಲ್–ಮದ್ದೂರು ರಸ್ತೆಯಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುತ್ತಿದ್ದರು. ಈಗ ಕೋಟೆ ಬೆಟ್ಟ ಹತ್ತಲು ಬರುವ ಬೆಂಗಳೂರಿನ ಹುಡುಗರು ಜನರನ್ನು ಕೇಳುವುದಿಲ್ಲ, ಮೊಬೈಲನ್ನು ಕೇಳುತ್ತಾರೆ. ಮೊಬೈಲಿಗೆ ಕಟಿಂಗ್ ಮಾಡುವ ನಮ್ಮಣ್ಣನ ಪರಿಚಯವಿಲ್ಲ.

ಅದಕ್ಕೇ ಅವನ ಸೋದರಳಿಯ ಅಂಗಡಿಯನ್ನು ಗೂಗಲ್ ಮ್ಯಾಪಿಗೆ ಸೇರಿಸಿದ. ಹೀಗೆ ಸೇರಿಸಿದ ಅಂಗಡಿಯ ವಿವರಕ್ಕೆ 2021ರಿಂದ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು. ಕಾಸು ಕೊಡಬೇಕಿಲ್ಲ; ಹೆಸರು, ವೇಳೆ, ಫೋಟೊ ಕೊಟ್ಟು ಅಂಗಡಿ ನಮ್ಮದೇ ಎಂದು ರುಜುವಾತು ಮಾಡಿದರಾಯಿತು. ಹುಡುಕಿದ್ದಕ್ಕೆ ಹೊಂದಬೇಕು, ಹತ್ತಿರವಿರಬೇಕು, ನಾಲ್ಕು ಜನ ಒಳ್ಳೇ ಮಾತಾಡಿರಬೇಕು, ಆಗ ಅಂಗಡಿ ಪಟ್ಟಿಯಲ್ಲಿ ಮೇಲೆ ಕಾಣುತ್ತದಂತೆ. ನಮ್ಮ ಕಡೆ ಸಂಬಂಧ ಕುದುರಿಸುವುದೂ ಹೀಗೇ, ಜಾತಕ ಒಂದು ಹೆಚ್ಚು.

ಅಳಿಯ ಆತುರದಲ್ಲಿ ಕೆಂಪು ಪಿನ್ನನ್ನು ಬೆಟ್ಟದ ನೆತ್ತಿಗೇ ಚುಚ್ಚಿಬಿಟ್ಟ. ಇಬ್ಬರು ಹುಡುಗರು ಏದುಸಿರು ಬಿಡುತ್ತಾ ಫೋನ್ ಮಾಡಿದರು: "ಅಣ್ಣಾ, ಮೇಲೆ ಬಂದಿದ್ದೀವಿ, ಅಂಗಡಿ ಎಲ್ಲಿ?"

"ಕೆಳಗ್ ನೋಡಿ, ಟವೆಲ್ ಬೀಸ್ತಾ ಇದೀನಿ!"

ಪಿನ್ನು ಇಳಿಯಿತು. ಆದರೆ ವಾರವಿಡೀ ತೆರೆದಿದೆ ಎಂದು ಹಾಕಿದ್ದನಲ್ಲ! ಮಂಗಳವಾರ ಕತ್ತರಿಗೆ ರಜೆ ಎಂಬುದು ಊರಿನ ಎಮ್ಮೆಗೂ ಗೊತ್ತು, ಅಳಿಯನಿಗೆ ಮರೆತಿತ್ತು. ಗಡ್ಡ ಕೆರೆಯುತ್ತಾ ಬಂದವನೊಬ್ಬ ಮುಚ್ಚಿದ ಬಾಗಿಲಿನ ಫೋಟೊ ಹಿಡಿದು 1 ಸ್ಟಾರ್ ಕೊಟ್ಟು ಹೋದ.

ಮೊನ್ನೆ ನಮ್ಮಣ್ಣ ನನ್ನ ಗಡ್ಡಕ್ಕೆ ನೊರೆ ಬಳಿದು, ಕತ್ತಿಯನ್ನು ಗಂಟಲ ಹತ್ತಿರ ತಂದು ನಿಲ್ಲಿಸಿ, "ಸಾ, ನೀವೊಂದು 5 ಸ್ಟಾರ್ ಹಾಕ್ತೀರಾ?" ಎಂದ. ಅಲ್ಲಾಡದೆ, 6 ಇದ್ದರೂ ಹಾಕುತ್ತೇನೆ ಎಂದೆ.