ಮೂಳೆ ಡಾಕ್ಟರ ಕಾರಿನ ಕೀಲುನೋವು

ನನ್ನ ಕಾರು ಮೊದಲ ಸಲ ‘ಲಟಕ್’ ಎಂದಾಗ ರೇಡಿಯೋ ದನಿ ಏರಿಸಿದೆ. ಎರಡನೇ ಸಲ ಎಂದಾಗ ಇನ್ನಷ್ಟು ಏರಿಸಿದೆ. ಮೂರನೇ ವಾರದ ಹೊತ್ತಿಗೆ ಆ ಗುಂಡಿ ತಿರುಗಲು ಜಾಗವೇ ಉಳಿದಿರಲಿಲ್ಲ. ಹೆಂಡತಿ ಕಿವಿಗೆ ಬೆರಳಿಟ್ಟುಕೊಂಡು, “ರೀ, ಯಾರಾದ್ರೂ ಮಂಡಿ ನೋವು ಅಂತ ಬಂದ್ರೆ ಆಸ್ಪತ್ರೇಲೂ ಹಿಂಗೇ ಜೋರಾಗಿ ಹಾಡು ಹಾಕ್ತೀರಾ?” ಎಂದಳು.

ಮಾತು ನಾಟಿತು. ಯಾಕೆಂದರೆ ನಾನು ಮೂಳೆ ಡಾಕ್ಟರು. ದಾವಣಗೆರೆಯಲ್ಲಿ ಓದಿ, ಈಗ ವೇಲ್ಸ್‌ನ ಸ್ವಾನ್ಸಿಯಲ್ಲಿ ಜನರ ಸೊಂಟ, ಮಂಡಿ ಬದಲಿಸಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ. ಕಾರಿನದೂ ಆಗ ಹದಿನಾರು ವರ್ಷದ ಹಳೇ ದೇಹ. ಇಲ್ಲಿ ನಂಬರ್ ಪ್ಲೇಟೇ ವಯಸ್ಸು ಹೇಳಿಬಿಡುತ್ತದೆ. ನನ್ನದರ ಮೇಲೆ 57 ಎಂದಿದೆ, ಅಂದರೆ 2007ರ ಸೆಪ್ಟೆಂಬರಿನಿಂದ 2008ರ ಫೆಬ್ರವರಿಯೊಳಗೆ ರಸ್ತೆಗಿಳಿದದ್ದು. (ಹೆಣ್ಣು ನೋಡಲು ಹೋಗುವ ಗಂಡುಗಳ ಹಣೆಯ ಮೇಲೂ ಹೀಗೆ ಬರೆದಿದ್ದರೆ ನನ್ನ ಮದುವೆ ಆಗುತ್ತಿರಲಿಲ್ಲ.) 1,400 ಪೌಂಡ್ ಕೊಟ್ಟು ಕೊಂಡಿದ್ದೆ. ಕೊಳ್ಳುವಾಗ ಮುಖ ಗಂಭೀರ ಮಾಡಿಕೊಂಡು ಟೈರಿಗೆ ಎರಡು ಸಲ ಒದ್ದಿದ್ದೆ. ಕಾರಿನ ವಿಷಯದಲ್ಲಿ ನನಗೆ ಬರುತ್ತಿದ್ದ ಪರೀಕ್ಷೆ ಅದೊಂದೇ.

ಹೆಂಡತಿಯ ಮಾತಿನಿಂದ ಕೆರಳಿ, ಒಂದು ಭಾನುವಾರ ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೋ ನೋಡಿ, ಸ್ಟೆತಾಸ್ಕೋಪ್ ತೆಗೆದುಕೊಂಡು ಕಾರಿನ ಕೆಳಗೆ ತೂರಿದೆ. ಸ್ವಾನ್ಸಿಯ ಮಳೆ ಮಲೆನಾಡಿನ ಮಳೆಯಂತೆ ಸುರಿದು ಮುಗಿಸುವ ಜಾತಿಯಲ್ಲ, ಇಡೀ ದಿನ ಜಿನುಗುತ್ತದೆ. ಬೆನ್ನು ನೆನೆಯುತ್ತಿತ್ತು. ಸ್ಪ್ರಿಂಗಿಗೆ ಸ್ಟೆತಾಸ್ಕೋಪ್ ಒತ್ತಿ, “ಈಗ ಅಲ್ಲಾಡಿಸು” ಎಂದು ಹೆಂಡತಿಗೆ ಕೂಗುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ನಾಯಿ ಹಿಡಿದುಕೊಂಡು ಬಂದು ನಿಂತರು. ಎಂಬತ್ತು ದಾಟಿದ ಅಜ್ಜಿ. ಬಗ್ಗಿ ನೋಡಿ, “ಉಸಿರಾಡುತ್ತಿದೆಯಾ ಡಾಕ್ಟರೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಆ ಸಂಜೆ ಅಪ್ಪನಿಗೆ ಫೋನು ಹೋಯಿತು. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ನಮ್ಮ ಮನೆಯ ಫಿಯಟ್ಟಿನಿಂದ ಮಾರುತಿವರೆಗೆ ಎಲ್ಲವನ್ನೂ ನೋಡಿಕೊಂಡ ಗ್ಯಾರೇಜಿನ ಸಾಬರಿದ್ದಾರೆ. ರೋಡ್ ಹಂಪ್ ಮೇಲೆ ಕಾರು ಓಡಿಸಿ ‘ಲಟಕ್’ ರೆಕಾರ್ಡ್ ಮಾಡಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಸಾಬರ ದನಿ ಬಂತು: “ಡಾಕ್ಟ್ರೇ, ಎಡಗಡೆ ಮುಂದಿನ ಲಿಂಕ್ ರಾಡ್ ಹೋಗೈತಿ ನೋಡ್ರಿ. ಸಣ್ಣ ಕೆಲ್ಸ.”

ನನಗೆ ನಗು ಬಂತು. ರೋಗಿಯನ್ನು ಮುಟ್ಟಿ ನೋಡದೆ ಫೋನಿನಲ್ಲೇ ರೋಗ ಹೇಳುವವರನ್ನು ನಂಬಬೇಡಿ ಎಂದು ಊರೂರಿಗೆ ಉಪದೇಶ ಮಾಡುವವನು ನಾನು.

ಹಾಗಾಗಿ ವಿಜ್ಞಾನವನ್ನು ನಂಬಿ ಗಾಜಿನ ಗೋಡೆಯ, ಕಾಫಿ ಕೊಡುವ ದೊಡ್ಡ ಸರ್ವೀಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗಿ, “ಶಬ್ದ ಎಲ್ಲಿಂದ?” ಎಂದಳು. ಮುಂದಿನಿಂದ ‘ಲಟಕ್’, ಆದರೆ ಒಮ್ಮೊಮ್ಮೆ ಹಿಂದಿನಿಂದಲೂ ಒಂದು ‘ಗುಡು’ ಕೇಳುತ್ತಿತ್ತು. “ನನ್ನ ಡಿಕ್ಕಿಯಲ್ಲೂ ತೊಂದರೆಯಿದೆ” ಎಂದೆ. ಕನ್ನಡದಲ್ಲಿ ಡಿಕ್ಕಿ ಎಂದರೆ ಒಂದೋ ಸಾಮಾನು ಇಡುವ ಜಾಗ, ಇಲ್ಲವೇ ಹೊಡೆಯುವಂಥದ್ದು. ಇವರಲ್ಲಿ ಹೃದಯ ದುರ್ಬಲವಾದರೆ ‘ಡಿಕ್ಕಿ ಹಾರ್ಟ್’ ಅನ್ನುತ್ತಾರೆ. ಹುಡುಗಿ ಗಾಬರಿಯಿಂದ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ಸರಿಪಡಿಸಲು ಹೋಗಿ, “ಅಲ್ಲ ಅಲ್ಲ, ಸ್ಟೆಪ್ನಿ!” ಎಂದೆ. ಅದು ಲಂಡನ್ನಿನ ಒಂದು ಬಡಾವಣೆಯ ಹೆಸರು. “ಅಷ್ಟು ದೂರದಿಂದ ಓಡಿಸಿಕೊಂಡು ಬಂದಿರಾ?” ಎಂದು ಮರುಗಿದಳು.

ಒಂದು ಗಂಟೆಯ ನಂತರ ಟೈ ಕಟ್ಟಿದ ಒಬ್ಬರು ಟ್ಯಾಬ್ಲೆಟ್ಟಿನಲ್ಲಿ ಕೆಂಪು, ಹಳದಿ, ಹಸಿರು ಬಣ್ಣಗಳ ಪಟ್ಟಿ ತೋರಿಸಿದರು. ಕೆಂಪೇ ಜಾಸ್ತಿ. ಮುಂದಿನ ಎರಡೂ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಲೋಯರ್ ಆರ್ಮು, 640 ಪೌಂಡ್. ನಾನು ಉಗುಳು ನುಂಗುವಷ್ಟರಲ್ಲಿ, “ವ್ಯಾಟ್ ಬೇರೆ” ಎಂದರು. ಶೇಕಡಾ 20 ಸೇರಿ 768. ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾದರೂ ಪೌಂಡನ್ನು ನೂರರಿಂದ ಗುಣಿಸುವ ರೋಗ ನನಗೆ ಬಿಟ್ಟಿಲ್ಲ. ಎಪ್ಪತ್ತಾರು ಸಾವಿರದ ಎಂಟುನೂರು! “ಮನೆಯಲ್ಲಿ ಕೇಳಿ ಹೇಳ್ತೀನಿ” ಎಂದೆ. ನನ್ನ ರೋಗಿಗಳು ಆಪರೇಷನ್ನಿಗೆ ತಪ್ಪಿಸಿಕೊಳ್ಳುವಾಗ ಹೇಳುವ ಮಾತು ಅದೇ.

ಎರಡನೆಯವರನ್ನು ಹುಡುಕಿದ ಬಗೆಯನ್ನು ಹೇಳಲು ಈಗಲೂ ನಾಚಿಕೆ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ತಗಡಿನ ಶೆಡ್ಡಿನಿಂದ ಹಳೇ ಹಿಂದಿ ಹಾಡು ಕೇಳಿಸಿತು. ಅಷ್ಟೇ. ‘ನಮ್ಮವರು’ ಎಂದು ತೀರ್ಮಾನಿಸಿಬಿಟ್ಟೆ. ಮೆಕ್ಯಾನಿಕ್ಕು “ಟೆನ್ಷನ್ ಮತ್ ಲೋ, ಡಾಕ್ಟರ್ ಸಾಬ್” ಎನ್ನುತ್ತಾ ಚಹಾ ಕೊಟ್ಟ, ಏಲಕ್ಕಿ ಹಾಕಿದ್ದು. ಆ ಏಲಕ್ಕಿಗೆ ನನ್ನ ಬುದ್ಧಿ ಪೂರ್ತಿ ಶರಣಾಯಿತು. ಬ್ರೇಕಿನ ಡಿಸ್ಕು, ಪ್ಯಾಡು ಬದಲಿಸಿ 180 ಪೌಂಡ್ ನಗದು ತೆಗೆದುಕೊಂಡ. ಬಿಲ್ಲು ಕೇಳಿದರೆ ಸ್ನೇಹಕ್ಕೆ ಧಕ್ಕೆಯಾದೀತೆಂದು ನಾನೇ ಸುಮ್ಮನಾದೆ. ಗೇಟು ದಾಟುತ್ತಲೇ ಕಾರು ‘ಲಟಕ್’ ಎಂದಿತು. ತಿರುಗಿ ಹೋದರೆ, “ಹೊಸ ಪಾರ್ಟು, ಸೆಟ್ ಆಗಬೇಕು” ಎಂದ. ಹೊಸ ಮಂಡಿ ಹಾಕಿಸಿಕೊಂಡವರಿಗೆ ನಾನೂ ಹಾಗೇ ಹೇಳುವುದರಿಂದ ಮರುಮಾತಾಡಲಿಲ್ಲ.

ಇಷ್ಟರಲ್ಲಿ ಎಂ.ಒ.ಟಿ. ಹತ್ತಿರ ಬಂತು. ಇಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಈ ಪರೀಕ್ಷೆ ಪಾಸಾಗಲೇಬೇಕು. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಎಂಬುದರ ಹ್ರಸ್ವರೂಪ ಅದು. ಆ ಹೆಸರಿನ ಸಚಿವಾಲಯ ಈಗಿಲ್ಲ, 1960ರಲ್ಲಿ ಶುರುವಾದ ಪರೀಕ್ಷೆ ಮಾತ್ರ ಉಳಿದಿದೆ. ಕಾರಿಗೆ 54.85 ಪೌಂಡಿಗಿಂತ ಹೆಚ್ಚು ಪರೀಕ್ಷಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಫೇಲಾದ ಮೇಲಿನ ರಿಪೇರಿಗೆ ಅಂಥ ಮಿತಿ ಯಾವುದೂ ಇಲ್ಲ.

ಕೊನೆಯ ದಿನಾಂಕ ನೋಡಲು ಸರ್ಕಾರದ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿದೆ. ದಿನಾಂಕದ ಕೆಳಗೆ ಇಡೀ ಜಾತಕವೇ ಬಿಚ್ಚಿಕೊಂಡಿತು. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವಾಗ ಫೇಲಾಗಿತ್ತು, ಯಾತಕ್ಕೆ, ಎಲ್ಲ ಇದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಜನ ಕಾರು ಕೊಳ್ಳುವ ಮೊದಲೇ ನೋಡುತ್ತಾರಂತೆ, ಟೈರಿಗೆ ಒದೆಯುವುದಿಲ್ಲವಂತೆ. ಪಾಸು ಮಾಡಿದ ಮೇಲೂ ಪರೀಕ್ಷಕರು ‘ಇದರ ಮೇಲೆ ಕಣ್ಣಿಡಿ’ ಎಂದು ಸಲಹೆ ಬರೆಯುತ್ತಾರೆ. ನನ್ನ ಕಾರಿಗೆ ಸತತ ಎರಡು ವರ್ಷ ಒಂದೇ ಸಲಹೆ: ಮುಂದಿನ ಎಡಬದಿ, ಆ್ಯಂಟಿ ರೋಲ್ ಬಾರಿನ ಲಿಂಕು, ಬಾಲ್ ಜಾಯಿಂಟ್ ಸ್ವಲ್ಪ ಸಡಿಲ.

ಬಾಲ್ ಜಾಯಿಂಟ್! ಸೊಂಟದ ಕೀಲೂ ಅದೇ ಜಾತಿ. ಇಪ್ಪತ್ತು ವರ್ಷದಿಂದ ದಿನಾ ಕೈಯಲ್ಲಿ ಹಿಡಿದದ್ದು. ಜೊತೆಗೆ, ವಾರ್ಡಿನಲ್ಲಿ ಕಿರಿಯ ಡಾಕ್ಟರುಗಳನ್ನು ನಾನು ಬೈಯುವ ವಾಕ್ಯ ಒಂದೇ ಒಂದು: ‘ರೋಗಿಯನ್ನು ಮುಟ್ಟುವ ಮೊದಲು ಹಳೇ ಫೈಲು ಓದಿ.’ ಹೆಂಡತಿ ಹಿಂದೆ ನಿಂತು ಪರದೆ ಓದುತ್ತಿದ್ದಳು. ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಮೂರನೆಯವರು ಪಕ್ಕದ ಅಜ್ಜಿ ತೋರಿಸಿದ ಮುದುಕರು. ಒಬ್ಬರೇ ಆಳು, ಒಂದೇ ಲಿಫ್ಟು, ಬೋರ್ಡಿಲ್ಲ. “ನೌ, ಇನ್ ಎ ಮಿನಿಟ್” ಎಂದರು. ನಾನು ಕೈಕಟ್ಟಿ ನಿಂತೆ. ದಕ್ಷಿಣ ವೇಲ್ಸ್‌ನ ಈ ಮಾತು ನಮ್ಮೂರಿನ ‘ಇಗೋ ಬಂದೆ’ಯ ಒಡಹುಟ್ಟಿದ್ದು ಎಂದು ತಿಳಿಯಲು ಒಂದೂಕಾಲು ಗಂಟೆ ಬೇಕಾಯಿತು. ಆಮೇಲೆ ಬಂದು, ಮುಂದಿನ ಚಕ್ರದ ಹಿಂದೆ ಕೈ ಹಾಕಿ ಒಮ್ಮೆ ಜಗ್ಗಿ, “ಲಿಂಕು. ಎರಡೂ ಬದಿ ಬದಲಿಸೋಣ. ಅರವತ್ತು ಪೌಂಡ್” ಎಂದರು.

ಆಗ ನನಗೆ ಶುರುವಾದದ್ದು ಸಂಶಯ. ಅಷ್ಟೇನಾ? 768ರ ಕಾಯಿಲೆ 60ಕ್ಕೆ ವಾಸಿಯಾಗುವುದುಂಟೇ? ಜೇಬಿನಿಂದ ಇಂಟರ್‌ನೆಟ್ಟಿನಿಂದ ತೆಗೆದ ಆರು ಹಾಳೆ ಪ್ರಿಂಟ್ ಹೊರಬಂತು. “ಸ್ಪ್ರಿಂಗು ನೋಡಬೇಡವೇ? ಶಾಕ್ ಅಬ್ಸಾರ್ಬರು? ಖಂಡಿತಾನಾ?” ಮುದುಕರು ಹಾಳೆಗಳನ್ನು ತಾಳ್ಮೆಯಿಂದ ತಿರುವಿ, ಮಡಚಿ ನನ್ನ ಕೈಗೇ ಇಟ್ಟರು. ನನ್ನ ಓಪಿಡಿಯಲ್ಲಿ ಅದೇ ರೀತಿ ಮಡಚಿ ಕೊಡುವುದು ನಾನು. “ಡಾಕ್ಟರಾ?” ಎಂದು ಕೇಳಿದರು. ಹೇಗೆ ತಿಳಿಯಿತೆಂದು ಕೇಳುವ ಧೈರ್ಯವಾಗಲಿಲ್ಲ.

ಲಿಂಕು ಬದಲಾಯಿತು. ಹಂಪ್ ಮೇಲೆ ಓಡಿಸಿದೆವು. ‘ಲಟಕ್’ ಇಲ್ಲ. ಹಿಂದಿನ ‘ಗುಡು’ ಮಾತ್ರ ಇತ್ತು. “ನೋಡಿದಿರಾ! ಸ್ಟೆಪ್ನಿ!” ಎಂದು ಗೆದ್ದವನಂತೆ ಕೂಗಿ, ತಕ್ಷಣ ನಾಲಿಗೆ ಕಚ್ಚಿಕೊಂಡೆ. ಮುದುಕರು ಗಾಡಿ ನಿಲ್ಲಿಸಿದರು. “ಏನಂದಿರಿ? ಆ ಮಾತು ಕೇಳಿ ಎಷ್ಟು ವರ್ಷವಾಯಿತು!”

ಅವರ ಊರು ಇಲ್ಲಿಂದ ಹನ್ನೊಂದು ಮೈಲಿಯ ಲ್ಲಾನೆಲ್ಲಿ. (ಆ ಮೊದಲ ‘ಲ್ಲ’ವನ್ನು ಹಲ್ಲಿನ ಪಕ್ಕದಿಂದ ಗಾಳಿ ಬಿಟ್ಟು ನುಡಿಯಬೇಕು, ‘ಳ’ ಬಲ್ಲ ನಾಲಿಗೆಗೂ ಅದು ದಕ್ಕಿಲ್ಲ.) ಮೊದಮೊದಲಿನ ಕಾರುಗಳಲ್ಲಿ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ಆ ಊರಿನ ಡೇವೀಸ್ ಸಹೋದರರು, ಪಂಚರಾದ ಚಕ್ರದ ಪಕ್ಕಕ್ಕೆ ಕ್ಲ್ಯಾಂಪ್ ಹಾಕಿ ಸಿಕ್ಕಿಸುವ, ಗಾಳಿ ತುಂಬಿದ ಚಕ್ರವೊಂದನ್ನು ತಯಾರಿಸಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟಿನಲ್ಲಿ. ಹೆಸರು ಹಡಗು ಹತ್ತಿ ಹೋಗಿ ನಮ್ಮ ಪಂಚರ್ ಅಂಗಡಿಗಳಲ್ಲಿ ಉಳಿದುಕೊಂಡಿತು, ಇಲ್ಲಿಯವರು ಮರೆತರು. ಮುದುಕರು ಇದನ್ನೆಲ್ಲ ಹೇಳುತ್ತಲೇ ಡಿಕ್ಕಿಯ ಚಾಪೆ ಎತ್ತಿ, ಸ್ಟೆಪ್ನಿ ಬಿಗಿಯುವ ಬೋಲ್ಟನ್ನು ಬೆರಳಲ್ಲೇ ತಿರುಗಿಸಿದರು. ಹೋದ ಬೇಸಿಗೆಯಲ್ಲಿ ಪಂಚರಾದಾಗ ನಾನೇ ಬಿಚ್ಚಿ, ಬಿಗಿಯದೆ ಬಿಟ್ಟದ್ದು. “ಇದಕ್ಕೆ ದುಡ್ಡು ಬೇಡ” ಎಂದರು.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ಸಾಬರನ್ನೂ ಲೈನಿಗೆ ಸೇರಿಸಿದ್ದರು. ತಪ್ಪೊಪ್ಪಿಕೊಂಡೆ. “ನಾ ಅಂದಿದ್ನೆಲ್ರೀ,” ಎಂದು ನಕ್ಕ ಸಾಬರು, “ಎಷ್ಟು ತಗಂಡ್ರು?” ಎಂದರು.

“ಅರವತ್ತು ಪೌಂಡ್. ಅಂದ್ರೆ ಆರು ಸಾವಿರ.”

ಲೈನು ಕಟ್ಟಾಯಿತೇನೋ ಅನ್ನುವಷ್ಟು ಹೊತ್ತು ಸದ್ದಿಲ್ಲ. ಆಮೇಲೆ, “ಆರು ಸಾವ್ರಾನಾ? ಮೋಸ ಹೋದ್ರಲ್ಲ ಡಾಕ್ಟ್ರೇ!”

“ಇಲ್ಲ ಸಾಬ್ರೇ, ದೇವರಂಥ ಮನುಷ್ಯ” ಎಂದು ವಾದಿಸಿ ಫೋನಿಟ್ಟೆ. ದೀಪ ಆರಿಸಿ ಮಲಗಿದೆ. ನಿದ್ದೆ ಹತ್ತಲಿಲ್ಲ. ಹೊದಿಕೆಯೊಳಗೇ ಮೊಬೈಲ್ ತೆಗೆದು ಲಿಂಕಿನ ಬೆಲೆ ಹುಡುಕಿದೆ. ಹನ್ನೊಂದು ಪೌಂಡ್. ಎರಡಕ್ಕೆ ಇಪ್ಪತ್ತೆರಡು. ಹಾಗಾದರೆ ಮಜೂರಿ ಮೂವತ್ತೆಂಟು? ಅರ್ಧ ಗಂಟೆಗೆ?

“ರೀ,” ಎಂದಳು ಹೆಂಡತಿ ಕತ್ತಲಲ್ಲಿ, “ಮಲ್ಕೊಳ್ರಿ.”