ಒಬ್ರೇನಾ ಸಾರ್?

ತ್ಯಾಮಗೊಂಡ್ಲಿನಲ್ಲಿ ನಡುವಯಸ್ಸಿನ ಗಂಡಸೊಬ್ಬ ಬೆಳಗಿನ ಆರಕ್ಕೆ ಹೆಲ್ಮೆಟ್ ಹಾಕಿಕೊಂಡು ಬೈಕ್ ತೆಗೆದರೆ ಊರಿಗೆ ತೋಚುವುದು ಎರಡೇ ಕಾರಣ. ಸೋಂಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೊದಲ ಶಿಫ್ಟು, ಇಲ್ಲವೇ ಎಲ್ಲೋ ಸಾವು. ನಾನು ಕಾರ್ಖಾನೆಯವನಲ್ಲವೆಂದು ಬಲ್ಲ ಹಾಲಿನ ಡೇರಿ ಮುಂದಿನ ಮಂದಿ ಎರಡನೆಯದನ್ನೇ ಖಾತ್ರಿ ಮಾಡಿಕೊಂಡು, ಕ್ಯಾನು ಕೆಳಗಿಟ್ಟು, "ಯಾರು ಹೋದ್ರು?" ಎಂದರು. ಯಾರೂ ಹೋಗಿಲ್ಲ, ನಾನೇ ಹೋಗ್ತಿದೀನಿ, ಶಿವಗಂಗೆಗೆ ಎಂದೆ. "ಹರಕೆನಾ?" ಅಲ್ಲ. "ಮತ್ತೆ ಮನೇಲೇನಾದ್ರೂ...?" ಏನಿಲ್ಲ, ಸುಮ್ನೆ, ಒಬ್ನೇ. ಸಾವೇ ವಾಸಿಯಿತ್ತು ಅನ್ನುವಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶಿವಗಂಗೆ ನಮಗೆ ದೂರವೇನಲ್ಲ. ದಾಬಸ್‌ಪೇಟೆ ದಾಟಿಕೊಂಡು ಹೋದರೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಹಾವು ಎಂದು ಆ ಬೆಟ್ಟಕ್ಕೆ ಖ್ಯಾತಿ. ನಮ್ಮೂರು ಬಿದ್ದಿರುವುದು ಅದರ ಈಶಾನ್ಯಕ್ಕೆ. ಹಾಗಾಗಿ ನಮ್ಮ ಪಾಲಿಗೆ ಬಂದಿರುವುದು ಅತ್ತ ಬಸವನೂ ಅಲ್ಲದ, ಇತ್ತ ಹಾವೂ ಅಲ್ಲದ, ಪುರಾಣದಲ್ಲಿ ಹೆಸರೇ ಇಲ್ಲದ ಒಂದು ಪ್ರಾಣಿ. ಮೂಲೆಯಲ್ಲಿರುವವರ ಹಣೆಬರಹವೇ ಇಷ್ಟು.

ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ ಬೆಂಗಳೂರಿನ ಬೈಕ್ ಪಡೆ ಆಗಲೇ ಬೀಡುಬಿಟ್ಟಿತ್ತು. ಮೊಣಕಾಲಿಗೆ ಕವಚ, ಮೊಣಕೈಗೆ ಕವಚ, ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕ್ಯಾಮೆರಾ. ನನ್ನ ಹಳೇ ಸ್ಪ್ಲೆಂಡರನ್ನು ಅವರು ಕರುಣೆಯಿಂದ ನೋಡಿದರು. ಗುಂಪಿನಿಂದ ದೂರ ಕೂತಿದ್ದ ಒಬ್ಬ ಹುಡುಗ ಮಾತ್ರ ತಾನು ಸೋಲೋ ರೈಡರ್ ಎಂದ. ನನ್ನ ಜಾತಿಯವನೇ ಸಿಕ್ಕನಲ್ಲ ಎಂದು ಹತ್ತಿರ ಸರಿದರೆ, ಆತ ಕ್ಯಾಮೆರಾಕ್ಕೆ ಚಟ್ನಿ ತೋರಿಸುತ್ತ "ಗೆಳೆಯರೇ..." ಎಂದು ಶುರುಮಾಡಿದ. ನಾನು ಇಡ್ಲಿ ಮುಗಿಸಿ ಕೈತೊಳೆದು ಬಂದಾಗಲೂ ಗೆಳೆಯರು ಕೇಳುತ್ತಲೇ ಇದ್ದರು.

ಬೆಟ್ಟದ ಬುಡದಲ್ಲಿ ಸೌತೆಕಾಯಿ ಮಾರುವ ಅಜ್ಜಿ ನನ್ನ ಹಿಂದೆ ಮುಂದೆ ನೋಡಿ, "ಒಬ್ನೇನಾ?" ಎಂದಳು. ಹೂಂ ಎಂದಿದ್ದಕ್ಕೆ ಕೋಲೊಂದನ್ನು ಕೈಗಿಟ್ಟಳು. "ಇಟ್ಕೋ. ಒಂಟಿ ಮನ್ಸನ್ನ ಕೋತಿನೂ ಲೆಕ್ಕಕ್ಕಿಡಲ್ಲ." ಶಿವಗಂಗೆಯ ಕೋತಿಗಳಿಗೆ ಬ್ಯಾಗಿನ ಜಿಪ್ ತೆಗೆಯುವುದು ನನಗಿಂತ ಸಲೀಸು. ಅವು ಸಂಸಾರಸಮೇತ ಕೂತು ನನ್ನನ್ನು ನೋಡಿದ ನೋಟದಲ್ಲೂ ಅದೇ ಪ್ರಶ್ನೆ ಇತ್ತು.

ಗಂಗಾಧರೇಶ್ವರನ ಗುಹೆಯಲ್ಲಿ ಅರ್ಚಕರು ಗೋತ್ರ ಕೇಳಿದರು, ನಕ್ಷತ್ರ ಕೇಳಿದರು. ಒಬ್ಬನದೇ ಅರ್ಚನೆ ಎಂದು ಒತ್ತಿ ಹೇಳಿದೆ. ಅವರು ತಲೆಯಾಡಿಸಿ, ಸಂಕಲ್ಪದಲ್ಲಿ ಸರಾಗವಾಗಿ "ಸಹಕುಟುಂಬಾನಾಂ" ಎಂದು ಮನೆಯವರನ್ನೆಲ್ಲ ಟಿಕೆಟ್ಟಿಲ್ಲದೆ ಒಳಗೆ ಕರೆಸಿಕೊಂಡರು. ಇಲ್ಲಿ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆಂಬ ನಂಬಿಕೆ. ಬೆಣ್ಣೆ ಕಾಸಿ ತುಪ್ಪ ಮಾಡುವ ನನ್ನ ಹೆಂಡತಿಗೆ ಈ ಪವಾಡ ಶುದ್ಧ ನಷ್ಟದ ಬಾಬತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ಸುರಂಗದ ಕಥೆ. ಈ ಗುಡಿಯಿಂದ ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರನವರೆಗೆ ನೆಲದೊಳಗೇ ದಾರಿಯಿದೆಯಂತೆ. ಟೋಲ್ ಇಲ್ಲ, ಗೊರಗುಂಟೆಪಾಳ್ಯದ ಸಿಗ್ನಲ್ ಇಲ್ಲ. ರಾಜಧಾನಿಯಲ್ಲಿ ಸುರಂಗ ರಸ್ತೆ ಬೇಕೋ ಬೇಡವೋ ಎಂದು ಕಿತ್ತಾಡುವವರು ಒಮ್ಮೆ ಇಲ್ಲಿ ಬಂದು ವಿಚಾರಿಸಬಹುದು.

ಒಳಕಲ್ಲು ತೀರ್ಥದ ವಿಷಯ ಬೇರೆ. ಬಂಡೆಯ ಅಡಿ ನುಸುಳಿ ಹೋದರೆ ನೆಲದಲ್ಲೊಂದು ಕಿರಿದಾದ ಕುಳಿ. ಕೈಬಿಟ್ಟಾಗ ನೀರು ತಾಗಿದರೆ ಪುಣ್ಯವಂತ, ತಾಗದಿದ್ದರೆ ಹಿಂದೆ ನಿಂತಿರುವ ಸಾಲಿಗೆಲ್ಲ ನಿಮ್ಮ ಚರಿತ್ರೆ ಬಯಲು. ಉದ್ದ ತೋಳಿನವರಿಗೆ ಇಲ್ಲಿ ಪುಣ್ಯ ಜಾಸ್ತಿ ಎಂಬುದು ನನ್ನ ಗುಮಾನಿ. ನಾನು ಬಗ್ಗಿ ತಡಕಾಡಿದೆ. "ಸಿಕ್ತಾ?" ಎಂದಿತು ಸಾಲು. ಇಲ್ಲ. "ಒಬ್ರೇ ಬಂದಿದಾರೆ, ಅದಕ್ಕೇ" ಎಂದು ಒಂದು ಹೆಣ್ಣುದನಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಮಾಗಡಿ ಕಡೆಯ ಒಬ್ಬ ದಪ್ಪ ಮೀಸೆ ನನ್ನ ಸೊಂಟ ಹಿಡಿದ, ಇನ್ನೊಬ್ಬ ಕನ್ನಡಕ ತೆಗೆದಿಟ್ಟುಕೊಂಡ, ಮೂರನೆಯವನು "ಭುಜ ಇಳಿಸಿ, ಇನ್ನೂ ಭುಜ" ಎಂದು ನಿರ್ದೇಶಿಸಿದ. ಬೆರಳ ತುದಿಗೆ ತಣ್ಣಗೆ ತಾಗಿತು. ಗುಹೆಯಲ್ಲಿ ಚಪ್ಪಾಳೆ. ಪುಣ್ಯ ಈಗ ನಾಲ್ವರಲ್ಲಿ ಹಂಚಿಹೋಯಿತು. ಕನ್ನಡಕ ಹಿಡಿದವನಿಗೂ ಪಾಲಿದೆ ಎಂದು ಮೀಸೆಯವರು ಅಲ್ಲೇ ಇತ್ಯರ್ಥ ಮಾಡಿದರು.

ಅಲ್ಲಿಂದ ಮೇಲೆ ಬಂಡೆಗೆ ಕಡಿದ ಮೆಟ್ಟಿಲು, ಕಬ್ಬಿಣದ ಕಂಬಿ. ಕಡಿದಾದ ಕಡೆ ಹಿಡಿದುಕೊಳ್ಳುವವರೂ ನೇತುಬೀಳುವವರೂ ಒಂದೇ ಭಂಗಿಯಲ್ಲಿರುತ್ತಾರೆ. ಶಾಂತಲೆ ಹಾರಿದ್ದು ಎಂದು ಜನ ತೋರಿಸುವ ಪ್ರಪಾತ ಅಲ್ಲಿದೆ. ವಿಷ್ಣುವರ್ಧನನ ರಾಣಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹಾರಿದಳೆಂದು ಹೇಳುವುದಿಲ್ಲ. ಪಕ್ಕದಲ್ಲಿದ್ದ ತಂದೆಯೊಬ್ಬ ಮಾತ್ರ ಮಕ್ಕಳಿಗೆ ಆಕೆ ಯಾವ ಕಲ್ಲಿನಿಂದ, ಯಾವ ಕಾಲು ಮುಂದಿಟ್ಟು ಎಂಬುದನ್ನೂ ವಿವರಿಸುತ್ತಿದ್ದ. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದ ವ್ಯಾಯಾಮ ಗುರು. ಅಂಥವರಿಗಾದರೆ ಇಷ್ಟು ಹತ್ತಿದ ಮೇಲೂ ಕಾದಂಬರಿಗೆ ಉಸಿರು ಮಿಕ್ಕೀತು. ನನಗೆ ಶಾಸನದ ಒಂದು ಸಾಲಿಗೂ ಮಿಕ್ಕಿರಲಿಲ್ಲ.

ತುದಿಯ ನಂದಿಯ ಹತ್ತಿರ ನವದಂಪತಿಯೊಂದು ಫೋಟೊ ತೆಗೆದುಕೊಡಿ ಎಂದು ಫೋನ್ ಕೊಟ್ಟಿತು. ನವ ಎಂದೆನೇ? ಕಂಕುಳಲ್ಲಿ ಎಂಟೊಂಬತ್ತು ತಿಂಗಳ ಕೂಸಿತ್ತು. ತೆಗೆದುಕೊಟ್ಟೆ. ಋಣ ಉಳಿಸಿಕೊಳ್ಳುವ ಜಾತಿಯಲ್ಲ, "ನಿಮ್ದೂ ತೆಗೀತೀನಿ" ಎಂದ ಆತ. ನಿಂತೆ. ಆತ ಫೋನಿನಲ್ಲಿ ನೋಡಿ ತಲೆ ಕೊಡವಿದ. "ಒಬ್ರೇ ಇದ್ರೆ ಫ್ರೇಮೇ ತುಂಬಲ್ಲ ಸಾರ್." ನಾನು ಬೇಡವೆನ್ನುವಷ್ಟರಲ್ಲಿ ಕೂಸು ನನ್ನ ತೋಳಿನಲ್ಲಿತ್ತು. ನನ್ನ ಮೂಗು ಅದರ ಮುಷ್ಟಿಯಲ್ಲಿತ್ತು.

ಸಂಜೆ ಹೆಂಡತಿ ಆ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಯಾರ ಮಗು, ನಿಮ್ಮ ಕೈಗೆ ಹೇಗೆ ಬಂತು, ಒಂದನ್ನೂ ಕೇಳಲಿಲ್ಲ. "ಅಷ್ಟು ಗಾಳೀಲಿ ಕೂಸಿಗೆ ಒಂದು ಕುಲಾವಿ ಹಾಕಿಲ್ವಲ್ರೀ, ಹೇಳ್ಬಾರ್ದಿತ್ತಾ?" ಎಂದಳು.